ದನಕ್ಕೆ ಓಲೆ ಹಾಕಿದ ಆಚಾರ್ರು

ದನದ ಕಿವಿಗೆ ಬಾಯಿಟ್ಟು ಗುಟ್ಟು ಹೇಳುವ ಸರ್ಕಾರಿ ನೌಕರರನ್ನು ನನ್ನ ಜೀವಮಾನದಲ್ಲಿ ನಾನು ನೋಡಿರುವುದು ಒಬ್ಬರನ್ನೇ. ಅವರು ನಮ್ಮ ಸಿದ್ದಾಚಾರ್ರು. ಮೈಮೇಲೆ ಖಾಕಿ ಅಂಗಿ, ಕಿವಿಗಳೆರಡರಲ್ಲೂ ಕೆಂಪು ಹರಳಿನ ಒಂಟಿ, ಬಾಯಲ್ಲಿ ಎಲೆಯಡಿಕೆ, ಹೆಗಲಲ್ಲಿ ಹಳದಿ ಬಟ್ಟೆಯ ಚೀಲ. ಹಸುವಿನ ಕಿವಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು, ಅರಿಸಿನ ಕಲೆಸಿದ ಕೊಬ್ಬರಿಯೆಣ್ಣೆ ಸವರಿ, ಬಗ್ಗಿ ಏನೋ ಪಿಸುಗುಡುತ್ತಿದ್ದರು. ಇದೇನು ಹೇಳುತ್ತಿದ್ದಾರೆ ಅಂತ ಹಸು ಯೋಚನೆ ಮಾಡುವಷ್ಟರಲ್ಲಿ ಇಕ್ಕಳ ಕಚಕ್ಕನೆ ಒತ್ತಿ ಆಗಿರುತ್ತಿತ್ತು. ಹಳದಿ ಪ್ಲಾಸ್ಟಿಕ್ಕಿನ ಓಲೆ ಕಿವಿಯಲ್ಲಿ ನೇತಾಡುತ್ತಿರುತ್ತಿತ್ತು.

ಅವರು ಏನು ಹೇಳುತ್ತಾರೆ ಅನ್ನುವುದರ ಬಗ್ಗೆ ನಮ್ಮ ಬೀದಿಯಲ್ಲಿ ಎರಡು ಪಕ್ಷಗಳಿದ್ದವು. ಅದು ಮಂತ್ರ ಅಂತ ನಮ್ಮತ್ತೆ. ಮಂತ್ರವೂ ಇಲ್ಲ ಮಣ್ಣೂ ಇಲ್ಲ, ಬೈಗುಳ ಅಂತ ಎದುರುಮನೆ ಕೆಂಪಣ್ಣ. ತಡೆಯಲಾರದೆ ಒಂದು ದಿನ ನಾನೇ ಕೇಳಿಬಿಟ್ಟೆ.

"ನೋಯಾಕಿಲ್ಲ ಸುಮ್ಕಿರವ್ವ ಅಂತ ಸುಳ್ಳು ಏಳ್ತೀನಿ ಕಣವ್ವ," ಅಂದರು. "ನಮ್ಮಪ್ಪನೂ ಮಕ್ಕಳಿಗೆ ಅದ್ನೇ ಏಳ್ತಿದ್ದುದು."

ಅವರಪ್ಪ ಶ್ರೀರಂಗಪಟ್ಟಣದ ಪೇಟೆಯಲ್ಲಿ ಚಿನ್ನಬೆಳ್ಳಿ ಕೆಲಸ ಮಾಡುತ್ತಿದ್ದವರು. ಮನೆ ಪಕ್ಕದ ಬಾಬುರಾಯನಕೊಪ್ಪಲಿನಲ್ಲಿ. ಸುತ್ತಮುತ್ತಲ ಹಳ್ಳಿಗಳ ಕೂಸುಗಳಿಗೆಲ್ಲ ಕಿವಿ ಚುಚ್ಚಿದ ಕೈ ಅದು. ಜನ ಮೈಸೂರಿಗೆ ಹೋಗಿ ಮಾಡಿಟ್ಟ ಒಡವೆಯನ್ನೇ ತರೋಕೆ ಶುರುಮಾಡಿದ ಮೇಲೆ ಒಂದು ಕುಲುಮೆಯಿಂದ ಎರಡು ಸಂಸಾರ ಉಣ್ಣುವ ಹಾಗಿರಲಿಲ್ಲ. ಅಣ್ಣ ಕಸುಬಿಗೆ ಕೂತರು, ತಮ್ಮನಾದ ಇವರು ದನದಾಸ್ಪತ್ರೆ ಸೇರಿದರು. ಮೊದಮೊದಲು ಇಂಜೆಕ್ಷನ್ನಿನ ಡಬ್ಬಿ ಹೊತ್ತುಕೊಂಡು ಡಾಕ್ಟರ ಹಿಂದೆ ತಿರುಗಿದರಂತೆ. ಆಮೇಲೆ ಇಲಾಖೆಯವರು ದನಗಳಿಗೆ ನಂಬರಿನ ಓಲೆ ಹಾಕಬೇಕು ಅಂತ ಇಕ್ಕಳ ಕೈಗೆ ಕೊಟ್ಟಾಗ ಆಚಾರ್ರಿಗೆ ಕಳೆದುಹೋಗಿದ್ದ ವಸ್ತು ಸಿಕ್ಕಷ್ಟು ಖುಷಿಯಾಯಿತಂತೆ. "ಕಸ್ಬು ಬದಲಾಗ್ಲಿಲ್ಲ ಕಣವ್ವ, ಕಿವಿ ದೊಡ್ಡವಾದೊ ಅಷ್ಟೆಯ," ಅನ್ನುತ್ತಿದ್ದರು.

ಹಾಗಾಗಿ ಅವರು ಓಲೆ ಹಾಕುವ ರೀತಿಯೂ ಕಿವಿ ಚುಚ್ಚುವ ಶಾಸ್ತ್ರದ ರೀತಿಯೇ. ಊರಿಗೆ ಮೊಪೆಡ್ಡಿನಲ್ಲಿ ಬಂದು ಯಾರದಾದರೂ ಜಗಲಿಯ ಮೇಲೆ ಕೂತರೆ, ಮೊದಲು ತಾಂಬೂಲದ ತಟ್ಟೆ ಬರಬೇಕು. ಎಲೆ, ಅಡಿಕೆ, ಒಂದು ಅಚ್ಚು ಬೆಲ್ಲ. ಎಲೆಯಡಿಕೆ ಅವರ ಬಾಯಿಗೆ, ಬೆಲ್ಲ ಹಸುವಿನ ಬಾಯಿಗೆ. ತಟ್ಟೆ ಬರುವ ತನಕ ಇಕ್ಕಳ ಚೀಲದಿಂದ ಹೊರಗೆ ಬರುತ್ತಿರಲಿಲ್ಲ. ಮೇಲಿನ ಬೀದಿಯಲ್ಲಿ ಒಬ್ಬ ಗುತ್ತಿಗೆದಾರರಿದ್ದರು. ಕೊಟ್ಟಿಗೆ ತುಂಬ ಸೀಮೆಹಸು. ಅವರು ಒಂದು ಸಲ ನೋಟು ಮಡಿಚಿ ಆಚಾರ್ರ ಜೇಬಿಗೆ ತುರುಕಲು ಹೋಗಿ, "ರಶೀದಿ ಗಿಶೀದಿ ಏನೂ ಬ್ಯಾಡ, ಬ್ಯಾಗ ಮುಗ್ಸಿ ಆಚಾರ್ರೆ," ಅಂದರು. ಆಚಾರ್ರು ನೋಟನ್ನು ಅವರ ಕೈಗೇ ಕೊಟ್ಟು ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. ನಿದ್ದೆ ಬಂದೇಬಿಟ್ಟಿತೋ ನಾಟಕವೋ ಇವತ್ತಿಗೂ ಗೊತ್ತಿಲ್ಲ, ಗೊರಕೆಯಂತೂ ಕೇಳಿಸಿತು. ಕೊನೆಗೆ ಗುತ್ತಿಗೆದಾರರ ತಾಯಿ ತಾವೇ ತಟ್ಟೆ ತಂದು ಎಬ್ಬಿಸಿದ ಮೇಲೇ ಅವರು ಎದ್ದದ್ದು.

ಓಲೆ ಹಾಕುವುದಕ್ಕೆ ದುಡ್ಡಿರಲಿಲ್ಲ. ಆದರೆ ಸಂತೆಗೆ ದನ ಹೊಡೆದುಕೊಂಡು ಹೋಗುವ ಮುಂಚೆ ಅದು ಯಾರದು ಅಂತ ತಾಳೆ ನೋಡಿ ಚೀಟಿ ಕೊಡುವುದಕ್ಕೆ, ಮಾಲೀಕರ ಹೆಸರು ಬದಲಾಯಿಸುವುದಕ್ಕೆ, ಉದುರಿಹೋದ ಓಲೆಯ ಬದಲು ಬೇರೆ ಹಾಕುವುದಕ್ಕೆ ಸಣ್ಣದೊಂದು ಸರ್ಕಾರಿ ಶುಲ್ಕ ಇತ್ತು. ಇಬ್ಬರು ಹೋಟೆಲಿಗೆ ಹೋಗಿ ಕಾಫಿ ತಿಂಡಿ ಮುಗಿಸುವಷ್ಟು ದುಡ್ಡು, ಅಷ್ಟೇ. ಕಾಫಿ ತಿಂಡಿಗೆ ಯಾರೂ ಜಗಳ ಆಡುತ್ತಿರಲಿಲ್ಲ, ಇದಕ್ಕೆ ಎಲ್ಲರೂ ಆಡುತ್ತಿದ್ದರು.

"ನಮ್ ದನ ನಮ್ದು ಅನ್ನಾಕೆ ಸರ್ಕಾರಕ್ಯಾಕೆ ಕಾಸು ಕೊಡ್ಬೇಕು?" ಅಂತ ಕೆಂಪಣ್ಣ ಒಂದು ದಿನ ತಗುಲಿಕೊಂಡ.

"ನಿನ್ ಮಗಳು ನಿನ್ ಮಗಳೇ ತಾನೆ?" ಅಂದರು ಆಚಾರ್ರು. "ಧಾರೆ ಎರೆಯೋ ದಿನ ಪುರೋಯಿತ್ರಿಗೆ ದಕ್ಷಿಣೆ ಯಾಕ್ ಮಡಗ್ದೆ? ನಾಕ್ ಜನದ ಮುಂದೆ ಮಾತು ನಿಲ್ಲಲಿ ಅಂತ. ಇದೂ ಅಷ್ಟೆಯ. ಶುಲ್ಕ ಸರ್ಕಾರಕ್ಕೆ, ತಾಂಬೂಲ ಕಸ್ಬಿಗೆ. ನಂಗೆ ನೀನೇನೂ ಕೊಡ್ಬ್ಯಾಡ, ಎಲೆಗೆ ಸುಣ್ಣ ಕಮ್ಮಿಯಾಗದೆ, ಒಸಿ ತತ್ತಾ."

ಕೆಂಪಣ್ಣ ಗೊಣಗಿಕೊಂಡೇ ಒಳಗೆ ಹೋಗಿ ಸುಣ್ಣದ ಡಬ್ಬಿ ತಂದ.

ಇಷ್ಟು ಶಾಸ್ತ್ರೋಕ್ತವಾಗಿದ್ದ ಮನುಷ್ಯ ಒಂದು ತಪ್ಪು ಮಾಡಿದರು. ಅಂಥ ತಪ್ಪನ್ನು ಆಚಾರಿ ಮನೆತನದವರು ಬಿಟ್ಟರೆ ಬೇರೆಯವರು ಮಾಡಲಾರರು. ಅದರಲ್ಲಿ ಸಿಕ್ಕಿಕೊಂಡದ್ದು ನನ್ನ ಹಸು.

ನನ್ನ ತವರು ನಾಗಮಂಗಲದ ದೇವಲಾಪುರದ ಕಡೆ. ರಾಗಿ, ಹುರುಳಿ, ಆಕಾಶ ನೋಡಿಕೊಂಡು ಬೇಸಾಯ. ಕೊಟ್ಟದ್ದು ಪಾಂಡವಪುರದ ಕಡೆಯ ನಾಲೆ ನೀರಿನ ಊರಿಗೆ. ಮದುವೆಯಾದ ಹೊಸದರಲ್ಲಿ ಇಲ್ಲಿಯವರು ನನ್ನನ್ನು "ಒಣಸೀಮೆಯೋಳು" ಅಂತ ರೇಗಿಸುತ್ತಿದ್ದರು. ಮೊದಲ ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ಹಿಂದಿರುಗುವಾಗ ನಮ್ಮವ್ವ ಕೂಸಿನ ಹಾಲಿಗೆ ಅಂತ ಒಂದು ಬಿಳೀ ನಾಟಿ ಹಸುವನ್ನು ನನ್ನ ಜೊತೆ ಕಳಿಸಿದಳು. ನಮ್ಮ ಕಡೆ ಅದು ಪದ್ಧತಿ. ಹೆಣ್ಣುಮಗಳ ಜೊತೆ ಬಂದ ಹಸು ಹೆಣ್ಣುಮಗಳದ್ದೇ, ಗಂಡನ ಮನೆಯ ಲೆಕ್ಕಕ್ಕೆ ಸೇರುವುದಿಲ್ಲ. ಅದಕ್ಕೆ ಗಂಗೆ ಅಂತ ಹೆಸರಿಟ್ಟವಳೂ ನಮ್ಮವ್ವನೇ. ಆಮೇಲೆ ಬಹಳ ವರ್ಷ ಅವಳು ಬದುಕಲಿಲ್ಲ. ಅವಳು ಹೋದ ಮೇಲೆ ತವರು ಅಂತ ನನಗೆ ಉಳಿದದ್ದು ಆ ಹಸು ಒಂದೇ, ಯಾಕೆಂದರೆ ನಾವು ಬರೀ ಹೆಣ್ಣುಮಕ್ಕಳು. ಅಣ್ಣತಮ್ಮ ಅಂತ ಯಾರೂ ಇಲ್ಲ.

ಗಂಗೆಗೆ ಓಲೆ ಹಾಕಿದ ದಿನ ನಮ್ಮ ಮನೆಯವರು ಕಬ್ಬಿನ ಗಾಡಿಯ ಜೊತೆ ಕಾರ್ಖಾನೆಗೆ ಹೋಗಿದ್ದರು. ಆಗಿನ್ನೂ ನಾವು ಒಟ್ಟು ಕುಟುಂಬ. ಆಚಾರ್ರು ನಮ್ಮ ಜಗಲಿಯ ಮೇಲೇ ಕೂತಿದ್ದರಿಂದ ಬೀದಿಯ ದನಗಳೆಲ್ಲ ನಮ್ಮ ಬಾಗಿಲಿಗೇ ಬಂದವು. ಅವುಗಳ ತಲೆ ಹಿಡಿಯಲು ನಿಂತವರು ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ ತಿಮ್ಮೇಗೌಡರು. ಭಾವ ಊರಿಗೇ ಗಟ್ಟಿ ಆಳು. ಅವರು ಕೊಂಬಿನ ಬುಡಕ್ಕೆ ಕೈ ಹಾಕಿದರೆ ಎಂಥ ಹಠಮಾರಿ ಹೋರಿಯೂ ತಣ್ಣಗಾಗುತ್ತಿತ್ತು. ಯಾರ ಮನೆಯಲ್ಲಿ ದನಕ್ಕೆ ಮೂಗುದಾರ ಹಾಕಲಿ, ಲಾಳ ಕಟ್ಟಿಸಲಿ, ತಿಮ್ಮೇಗೌಡರನ್ನು ಕರೀರಿ ಅನ್ನುತ್ತಿದ್ದರು. ಕರೆದರೆ ಭಾವನಿಗೂ ಖುಷಿ, ಉಣ್ಣುವ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದರು.

ಇಲ್ಲಿ ಕಿವಿ ಚುಚ್ಚುವ ಶಾಸ್ತ್ರದ ವಿಷಯ ಒಂದು ಮಾತು ಹೇಳಬೇಕು. ಕೂಸು ಕೂರುವುದು ಸೋದರಮಾವನ ತೊಡೆಯ ಮೇಲೆ. ಅದರ ತಲೆ ಅಲುಗಾಡದ ಹಾಗೆ ಹಿಡಿದುಕೊಳ್ಳುವವನು ಅವನು, ಮೊದಲ ಓಲೆ ಕೊಡಿಸುವವನೂ ಅವನೇ. ಆಚಾರ್ರ ಅಪ್ಪ ಯಾವ ಮಗುವಿನ ತಂದೆಯ ಹೆಸರನ್ನೂ ಕೇಳುತ್ತಿರಲಿಲ್ಲವಂತೆ. ಇದು ಇಂಥ ಊರಿನ ಇಂಥವನ ಸೊಸೆ, ಇದು ಇಂಥವನ ಅಳಿಯ ಅಂತ ಸೋದರಮಾವನ ಮುಖದಿಂದಲೇ ಅವರು ಮಗುವನ್ನು ನೆನಪಿಟ್ಟುಕೊಳ್ಳುತ್ತಿದ್ದುದು. ಆ ಅಂಗಡಿಯಲ್ಲಿ ಬೆಳೆದ ಮಗನಿಗೂ ಅದೇ ಅಭ್ಯಾಸ. ದನಗಳ ಮುಂದೆ ನಿಂತಾಗ ನಂಬರು ಬರೆದುಕೊಳ್ಳುತ್ತಿದ್ದರೇ ಹೊರತು ಹೆಸರು ಬರೆಯುತ್ತಿರಲಿಲ್ಲ. ಸಾಯಂಕಾಲ ಆಸ್ಪತ್ರೆಗೆ ಹೋಗಿ, ಕಂಪ್ಯೂಟರಿನ ಮುಂದೆ ಕೂತು, ಈ ಹಸುವಿನ ತಲೆ ಹಿಡಿದಿದ್ದವರು ಯಾರು ಅಂತ ಕಣ್ಣು ಮುಚ್ಚಿ ನೆನೆಸಿಕೊಂಡು ಒಂದೊಂದೇ ಹೆಸರು ಹೇಳಿ ಬರೆಸುತ್ತಿದ್ದರಂತೆ. ಆವತ್ತು ಅವರು ಕಣ್ಣು ಮುಚ್ಚಿದಾಗಲೆಲ್ಲ ಭಾವನ ಮುಖವೇ ಕಂಡಿರಬೇಕು.

ಯಾರಿಗೂ ಗೊತ್ತಾಗದೆ ನಮ್ಮ ಭಾವ ಬೀದಿಯ ಅರ್ಧ ದನಗಳಿಗೆ ಯಜಮಾನರಾಗಿಬಿಟ್ಟರು.

ಗೊತ್ತಾದದ್ದು ಕೆಂಪಣ್ಣ ಶುಲ್ಕ ಉಳಿಸಲು ಚೀಟಿ ಮಾಡಿಸದೆಯೇ ಹಸು ಮಾರಲು ಕೆ.ಆರ್. ಪೇಟೆ ಸಂತೆಗೆ ಹೋದಾಗ. ಬಾಗಿಲಲ್ಲಿ ಓಲೆಯ ನಂಬರು ನೋಡಿದವರು, ಇದು ನಿಮ್ಮ ಹೆಸರಿನಲ್ಲಿ ಇಲ್ಲವಲ್ಲ ಅಂತ ತಡೆದರು. ಕೆಂಪಣ್ಣ ಅಲ್ಲಿಂದಲೇ ಫೋನು ಮಾಡಿದ. ಭಾವ ಜಗಲಿಯ ಮೇಲೆ ಸ್ಪೀಕರು ಹಾಕಿದ್ದರಿಂದ ನಾವೆಲ್ಲ ಕೇಳಿಸಿಕೊಂಡೆವು.

"ಲೇ ತಿಮ್ಮ, ನಮ್ ಅಸ ನಿಂದಂತೆ ಕಣ್ಲಾ."

"ಯಾವನ್ಲಾ ಅಂದೋನು?"

"ಸರ್ಕಾರ ಕಣ್ಲಾ. ಬಂದು ಇಡ್ಕಂಡೋಗು, ಇಲ್ಲ ಅಂದ್ರೆ ನಂದಲ್ಲ ಅಂತಾನಾದ್ರೂ ಬಂದು ಏಳ್ಬುಡು. ಬಿಸ್ಲಲ್ಲಿ ನಿಂತು ಸಾಯ್ತಿವ್ನಿ."

ಒಂದು ವಾರ ಬೀದಿಯಲ್ಲಿ ಬೇರೆ ಮಾತೇ ಇಲ್ಲ. ಭಾವ ನಡೆದು ಬಂದರೆ "ಧಣಿಗಳು ಬಂದ್ರು" ಅಂತ ಎದ್ದು ನಿಲ್ಲುವುದು, ಹಾಲು ಕರೆಯುವ ಮುಂಚೆ "ಕರ್ಕಳನಾ ಧಣಿ?" ಅಂತ ಅಪ್ಪಣೆ ಕೇಳುವುದು. ಭಾವನೂ ಮೀಸೆ ತಿರುವಿಕೊಂಡು, "ಕರ್ಕಳಿ, ಕರ್ಕಳಿ," ಅಂತ ಧಾರಾಳವಾಗಿ ಕೈ ಬೀಸುತ್ತಿದ್ದರು. ಆಚಾರ್ರು ಬಂದು ತಲೆ ಕೆರೆದುಕೊಂಡು ಕೂತರು. ಹೆಸರು ಬದಲಾಯಿಸಬೇಕಾದರೆ ಶುಲ್ಕ ಕಟ್ಟಬೇಕು, ಈಗ ಯಾರ ಹೆಸರಿದೆಯೋ ಅವರು ರುಜು ಹಾಕಬೇಕು. ತಪ್ಪು ನಿಮ್ಮದು, ಶುಲ್ಕ ನಮ್ಮದಾ ಅಂತ ಬೀದಿ ಎದ್ದು ಕೂತಿತು. "ಬೈಯ್ರಪ್ಪ, ಬೈದು ಕಟ್ರಿ," ಅಂದರು ಆಚಾರ್ರು. ಜನ ಬೈದರು, ಕಟ್ಟಿದರು. ಭಾವ ನಗುತ್ತಲೇ ಎಲ್ಲರಿಗೂ ರುಜು ಹಾಕಿಕೊಟ್ಟರು. ನಮ್ಮ ಗಂಗೆಯ ಮಾತು ಬಂದಾಗ ಮಾತ್ರ, ಒಂದೇ ಕೊಟ್ಟಿಗೆಯಲ್ಲಿದೆ, ಯಾರ ಹೆಸರಲ್ಲಿದ್ದರೆ ಏನು ಅಂತ ನಮ್ಮ ಮನೆಯವರು ಬಿಟ್ಟುಬಿಟ್ಟರು. ನನಗೂ ಅದು ದೊಡ್ಡದು ಅನ್ನಿಸಲಿಲ್ಲ.

ಮಾರನೇ ವರ್ಷ ಮನೆ ಭಾಗವಾಯಿತು. ಜಗಳವಾಗಿ ಅಲ್ಲ, ಮಕ್ಕಳು ಬೆಳೆದರು, ಮನೆ ಸಾಲದೇ ಹೋಯಿತು. ಗದ್ದೆ ಸಮನಾಗಿ ಹಂಚಿದರು. ಎಮ್ಮೆ ಭಾವನಿಗೆ, ಎತ್ತು ನಮಗೆ. ಕೊಟ್ಟಿಗೆಗೆ ನಡುವೆ ಗೋಡೆ ಎಬ್ಬಿಸಿದರು. ಎಲ್ಲ ಮುಗಿಯಿತು ಅನ್ನುವಾಗ ಭಾವ ಗಂಗೆಯ ಹಗ್ಗ ಬಿಚ್ಚಿ ತಮ್ಮ ಕಡೆಗೆ ಕಟ್ಟಿಕೊಂಡರು. ಕೇಳಿದ್ದಕ್ಕೆ, ನನ್ನ ಹೆಸರಲ್ಲಿದೆ, ನನ್ನದು ಅಂದರು. ತಮಾಷೆ ಅಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಆವತ್ತು ಗೋಡೆಯ ಆಚೆಯಿಂದ ಗಂಗೆ ಕೂಗಿದಾಗ ನನಗೆ ನಮ್ಮವ್ವ ಇನ್ನೊಂದು ಸಲ ಸತ್ತ ಹಾಗಾಯಿತು. ದೊಡ್ಡ ಮಾತು ಆಡುತ್ತಿಲ್ಲ, ಹಾಗೇ ಆಯಿತು.

ಹೊಡೆದಾಟಕ್ಕೆ ನಮ್ಮ ಮನೆಯವರಿಗೆ ಮನಸ್ಸಿರಲಿಲ್ಲ, ಅಣ್ಣನ ಮುಂದೆ ದನಿ ಎತ್ತಿದವರೇ ಅಲ್ಲ. ನಾನೇ ದನದಾಸ್ಪತ್ರೆಗೆ ಹೋಗಿ ಅರ್ಜಿ ಕೊಟ್ಟೆ. ಆಚಾರ್ರು ಅರ್ಜಿ ಓದಿ, ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, "ಎಲ್ಲಾ ನನ್ನಿಂದಾಯ್ತಲ್ಲ ತಾಯಿ," ಅಂದರು. ಅವರು ಎಲೆ ಉಗಿದದ್ದನ್ನು ನೋಡಿದ್ದು ಅದೇ ಮೊದಲು. ಹಸು ಯಾರದು ಅಂತ ತಾಳೆ ನೋಡಲು ಸೋಮವಾರ ಬರುತ್ತೇನೆ ಅಂದರು.

ಬಂದರು. ನಾನು ತಟ್ಟೆ ಇಟ್ಟೆ. ಗೋಡೆಯ ಆಚೆಯಿಂದ ನಮ್ಮ ಓರಗಿತ್ತಿಯೂ ಒಂದು ತಟ್ಟೆ ತಂದಿಟ್ಟಳು. ನಾನು ಅಕ್ಕ ಅಂತಲೇ ಕರೆಯುವುದು ಅವಳನ್ನು. ಆಚಾರ್ರು ಎರಡರಿಂದಲೂ ಒಂದೊಂದು ಎಲೆ ತೆಗೆದುಕೊಂಡರು. ಗಂಗೆಯನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ನಂಬರು ನೋಡಿದರು, ಕೊಂಬು ನೋಡಿದರು, ಸುಳಿ ನೋಡಿದರು. ನೋಡುವುದಕ್ಕೆ ಏನಿತ್ತು, ಹಸು ಯಾವುದು ಅಂತ ಯಾರಿಗೂ ಅನುಮಾನವಿರಲಿಲ್ಲ. ಕೆಂಪಣ್ಣ ಸಾಕ್ಷಿ ಹೇಳಲು ತಯಾರಾಗಿ ಅಂಗಿಯ ಗುಂಡಿ ಹಾಕಿಕೊಂಡು ನಿಂತಿದ್ದ. ಅಷ್ಟರಲ್ಲಿ ಭಾವನೇ ಮಾತಾಡಿದರು.

"ನಾನು ಕದ್ದಿಲ್ಲ ಆಚಾರ್ರೆ. ನಮ್ಮೋಳು ತವರಿಂದ ತಂದಿದ್ದ ಬಳೆ ಈ ಮನೆ ಬೋರ್‌ವೆಲ್ ಕೊರ್ಸಾಕೆ ಓಯ್ತು. ಅದು ಇವಳ್ದು ಅಂತ ಯಾರೂ ಅನ್ಲಿಲ್ಲ. ಆ ನೀರ ಎಲ್ರೂ ಕುಡುದ್ರು. ಒಬ್ಬಳು ತಂದದ್ದು ಮನೇದು, ಇನ್ನೊಬ್ಬಳು ತಂದದ್ದು ಅವಳ್ದೇ ಅಂದ್ರೆ ಎಂಗೆ?"

ಆ ನೀರನ್ನು ನಾನೂ ಕುಡಿದವಳೇ. ಅಕ್ಕ ತಲೆ ತಗ್ಗಿಸಿ ಸೆರಗಿನ ತುದಿ ತಿರುವುತ್ತಿದ್ದಳು. ಅವಳು ಬಳೆಯ ಮಾತನ್ನು ಅಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ಮುಂದೆ ಎತ್ತಿರಲಿಲ್ಲ.

ಆಚಾರ್ರು ಗಂಗೆಯ ಬೆನ್ನು ಸವರುತ್ತ ನಿಂತಿದ್ದು, "ನೀವು ಏಳದು ನ್ಯಾಯವಾಗೇ ಅದೆ ಗೌಡ್ರೆ," ಅಂದರು. "ಬಳೆ ವಿಸ್ಯ ನೀವು ಅಣ್ಣತಮ್ಮ ಕೂತು ಮಾತಾಡ್ಕಳಿ. ಅದು ನನ್ ಕೈಲಿಲ್ಲ. ನನ್ ಕೈಲಿರದು ನಾನು ಮಾಡಿದ ತಪ್ಪು. ನಮ್ಮಪ್ಪನ ಅಂಗ್ಡೀಲಿ ಮಗೀನ ತಲೆ ಇಡ್ಕಂಡೋನ ಎಸ್ರೇ ಎಸ್ರು. ಯಾಕೇಳಿ? ಅವ್ನು ಸೋದರಮಾವ. ಅದೇ ಅಬ್ಯಾಸಕ್ಕೆ ನಿಮ್ಮೆಸ್ರು ಬರ್ದುಬುಟ್ಟೆ. ಅಂಗಾದ್ರೆ ನೀವು ಈ ಅಸೀಗೆ ಸೋದರಮಾವ. ಓಲೆ ಕೊಡ್ಸಿದ ಸೋದರಮಾವ ಮಗೀನ ಎತ್ಕಂಡು ತನ್ ಮನೇಗೋಗೋದ ಎಲ್ಲಾದ್ರೂ ಕಂಡಿದ್ದೀರಾ?"

ಕೆಂಪಣ್ಣ ನಗಲು ಬಾಯಿ ತೆರೆದು, ಭಾವನ ಮುಖ ನೋಡಿ ಮುಚ್ಚಿಕೊಂಡ. ಆಗ ಬಾಗಿಲಲ್ಲಿ ಕೂತಿದ್ದ ನಮ್ಮತ್ತೆ, ಭಾಗದ ದಿನದಿಂದ ಯಾರ ಪರವಾಗಿಯೂ ಒಂದು ಮಾತು ಆಡದಿದ್ದವರು, ಮೆಲ್ಲಗೆ ಅಂದರು:

"ಆ ಉಡುಗೀಗೆ ಅಣ್ಣತಮ್ಮ ಯಾರೂ ಇಲ್ಲ ಕಣ್ಲಾ ತಿಮ್ಮ."

ನನ್ನ ಮಗಳ ಕಿವಿ ಚುಚ್ಚಿಸಿದ ದಿನ ನೆನಪಾಯಿತು. ತೊಡೆಯ ಮೇಲೆ ಕೂರಿಸಿಕೊಳ್ಳಲು ಸೋದರಮಾವ ಬೇಕು ಅಂತ ನಮ್ಮವ್ವ ಯಾವುದೋ ದೂರದ ನೆಂಟರ ಹುಡುಗನನ್ನು ಕಾಡಿ ಬೇಡಿ ಕರೆತಂದಿದ್ದಳು. ಓಲೆಯ ದುಡ್ಡನ್ನೂ ತಾನೇ ಅವನ ಜೇಬಿಗೆ ತುರುಕಿದ್ದಳು. ಶಾಸ್ತ್ರ ಮುಗಿದದ್ದೇ ಅವನು ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ್ದ. ಅದನ್ನು ನೆನೆದು ಅಂಗಳದಲ್ಲಿ ಅಷ್ಟು ಜನರ ಮುಂದೆ ನನ್ನ ಕಣ್ಣು ತುಂಬಿತು.

ಭಾವ ಗಂಗೆಯ ಕಿವಿಯ ಓಲೆ ಹಿಡಿದು ನೋಡಿದರು. ಆಮೇಲೆ, "ಶುಲ್ಕ ಎಷ್ಟು ಆಚಾರ್ರೆ?" ಅಂದರು. ನಮ್ಮ ಮನೆಯವರು ಅವಸರವಾಗಿ ಜೇಬಿಗೆ ಕೈ ಹಾಕಿದರು.

"ನೀನು ಮಡಗಪ್ಪ," ಅಂದರು ಭಾವ. "ಓಲೆ ಕಾಸು ಸೋದರಮಾವಂದು."

ಆಚಾರ್ರು ಚೀಲದಿಂದ ರಶೀದಿ ತೆಗೆದು ಬರೆದರು. ಭಾವ ರುಜು ಹಾಕಿ, ಹಗ್ಗ ತಂದು ನನ್ನ ಕೈಗೆ ಕೊಡಲಿಲ್ಲ, ನಮ್ಮ ಕಡೆಯ ಕೊಟ್ಟಿಗೆಗೆ ತಾವೇ ಹೊಡೆದುಕೊಂಡು ಹೋಗಿ ಗೊಂತಿಗೆ ಕಟ್ಟಿ ಬಂದರು. ಅವತ್ತು ನಾನು ಕರೆದ ಮೊದಲ ಚೊಂಬು ಹಾಲು ಗೋಡೆಯ ಆಚೆ ಹೋಯಿತು. ಗಂಗೆ ಮುಂದಿನ ಸಲ ಹೆಣ್ಣು ಕರು ಹಾಕಿದಾಗ, ಹಾಲು ಬಿಟ್ಟ ಮೇಲೆ ಆ ಕರುವನ್ನು ಅಕ್ಕನಿಗೆ ಕೊಟ್ಟೆ. ಬಳೆಗೆ ಅದು ಸಮ ಅಂತ ಅಲ್ಲ, ನನ್ನ ಮನಸ್ಸಿನ ಸಮಾಧಾನಕ್ಕೆ. ಅಕ್ಕ ಬೇಡ ಬೇಡ ಅಂದಳು, ಆಮೇಲೆ ಅದರ ಕುತ್ತಿಗೆಗೆ ಗಂಟೆ ತಂದು ಕಟ್ಟಿದಳು. ಓಲೆ ಹಾಕಲು ಬಂದ ಆಚಾರ್ರು ಈ ಸಲ ಬುದ್ಧಿ ಕಲಿತಿದ್ದರು. ಇಕ್ಕಳ ಮುಟ್ಟುವ ಮುಂಚೆ ಕನ್ನಡಕ ಏರಿಸಿ, ಅಕ್ಕನ ಹೆಸರು ಕೇಳಿ, ದೊಡ್ಡ ಅಕ್ಷರದಲ್ಲಿ ಬರೆದುಕೊಂಡರು. ಅದರ ತಲೆ ಹಿಡಿದವರು ನಮ್ಮ ಮನೆಯವರು.

ಆ ತಪ್ಪಿಗೆ ಆಚಾರ್ರಿಗೆ ಮೇಲಿನಿಂದ ಮೆಮೊ ಬಂದಿತ್ತು ಅಂತ ಆಮೇಲೆ ಗೊತ್ತಾಯಿತು. ನನಗೆ ತುಂಬ ಕೆಡುಕೆನ್ನಿಸಿತು. ಕೇಳಿದರೆ ಅವರು, "ಬಂತು ಕಣವ್ವ. ಓದ್ದೆ. ಕನ್ನಡ ಬಲ್ ಚೆನ್ನಾಗಿ ಬರ್ದಿದ್ರು," ಅಂದರು. ಅಷ್ಟೇ ಅದರ ಕತೆ.

ಅವರಿಗೆ ನಿವೃತ್ತಿಯಾದ ಮೇಲೆ ಒಂದು ಸಲ ನೋಡಿದ್ದು. ನಾನೂ ನಮ್ಮ ಮನೆಯವರೂ ಕರಿಘಟ್ಟಕ್ಕೆ ಹೋಗಿ ದೇವರು ನೋಡಿಕೊಂಡು ವಾಪಸು ಬರುವಾಗ ಬಾಬುರಾಯನಕೊಪ್ಪಲಿನಲ್ಲಿ ಇಳಿದು ಅವರ ಮನೆ ಕೇಳಿಕೊಂಡು ಹೋದೆವು. ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತಿದ್ದರು. ಖಾಕಿ ಅಂಗಿ ಇಲ್ಲದೆ ಸಣ್ಣಗೆ ಕಂಡರು. ಮೊಮ್ಮಕ್ಕಳು ಮೈಮೇಲೆ ಹತ್ತಿ ಇಳಿಯುತ್ತಿದ್ದವು. ಅವರ ಹೆಂಡತಿ ಕೊಟ್ಟ ಕಾಫಿ ಕುಡಿದೆವು. ನನ್ನನ್ನಾಗಲೀ ನನ್ನ ಮಕ್ಕಳನ್ನಾಗಲೀ ಅವರು ವಿಚಾರಿಸಲಿಲ್ಲ, "ಗಂಗೆ ಎಂಗವ್ಳೆ?" ಅಂತಲೇ ಮೊದಲು ಕೇಳಿದ್ದು.

ವಯಸ್ಸಾಯಿತು, ಹಾಲು ಬತ್ತಿದೆ, ಮಾರಿಬಿಡು ಅಂತ ಎಲ್ಲರೂ ಹೇಳುತ್ತಾರೆ ಅಂದೆ.

"ನೀನೇನಂತೀಯೆ?"

"ನಾನು ಮಾರಲ್ಲ ಆಚಾರ್ರೆ."

"ಮಾರ್ದೆ ಇದ್ರೆ ಇಲ್ಲ ಬುಡು," ಅಂದರು. "ಅದು ನಿನ್ನೆಸ್ರಲ್ಲದೆ. ಮಾರದೂ ನಿನ್ನಿಷ್ಟ, ಮಡಗದೂ ನಿನ್ನಿಷ್ಟ. ಯಾರೂ ಕೇಳಂಗಿಲ್ಲ."

ನಿನ್ನಿಷ್ಟ ಅನ್ನುವ ಮಾತನ್ನು ನನಗೆ ಅಷ್ಟು ಸಲ ಯಾರೂ ಹೇಳಿದವರಲ್ಲ. ಎದ್ದು ಹೊರಟಾಗ ಬಾಗಿಲ ತನಕ ಬಂದರು. ಅದಾದ ಮೇಲಿನ ಬೇಸಿಗೆಯಲ್ಲಿ ಅವರು ಹೋಗಿಬಿಟ್ಟರು. ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲವಂತೆ. ನಮಗೆ ಸುದ್ದಿ ಬಂದದ್ದು ಎಲ್ಲ ಮುಗಿದ ಮೇಲೆ. ನಮ್ಮ ಬೀದಿಯಿಂದ ಹನ್ನೊಂದನೇ ದಿನಕ್ಕೆ ಒಂದು ವ್ಯಾನು ಮಾಡಿಕೊಂಡು ಹೋದೆವು, ಕೆಂಪಣ್ಣನೂ ಬಂದಿದ್ದ.

ಈಗ ಬರುವುದು ಒಬ್ಬಳು ಚಿಕ್ಕ ವಯಸ್ಸಿನ ಹುಡುಗಿ. ಚುರುಕಾದವಳು, ಫೋನು ಹಿಡಿದುಕೊಂಡೇ ಕೆಲಸ ಮುಗಿಸುತ್ತಾಳೆ. ತಾಂಬೂಲ ಕೊಟ್ಟರೆ ಬೇಡ ಆಂಟಿ ಅನ್ನುತ್ತಾಳೆ. ಹೋದ ತಿಂಗಳು ನಮ್ಮ ಕೊಟ್ಟಿಗೆಯಲ್ಲಿ ಉಳಿದ ಗಂಗೆಯ ಮೊಮ್ಮಗಳ ಕರುವಿಗೆ ಓಲೆ ಹಾಕಲು ಬಂದಿದ್ದಳು. ಭಾವನಿಗೆ ಈಗ ಮೊದಲಿನ ಕಸುವಿಲ್ಲ. ಆದರೂ ಗೋಡೆ ಬಳಸಿಕೊಂಡು ಬಂದು ಕರುವಿನ ತಲೆ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಅತ್ತ ಕಡೆ ಬಕೆಟ್ಟಿನಲ್ಲಿ ದನ ಕುಡಿಯುವ ಕಲಗಚ್ಚು ಕಲೆಸುತ್ತಿದ್ದೆ.

"ಮಾಲೀಕ್ರ ಹೆಸರು ಹೇಳಿ ಸಾರ್," ಅಂತ ಹುಡುಗಿ ಭಾವನನ್ನೇ ಕೇಳಿದಳು.

ನಮ್ಮ ಕಡೆ ಭಾವನಾದವನು ತಮ್ಮನ ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ನಾನು ಈ ಮನೆಗೆ ಬಂದಾಗಿನಿಂದ ಅವರು ನನ್ನನ್ನು ಮಗೀನವ್ವ ಅಂದಿದ್ದಾರೆ, ಆ ಉಡುಗಿ ಅಂದಿದ್ದಾರೆ, ಹೆಚ್ಚಿನ ಸಲ ಏನೂ ಅನ್ನದೆ ಬರೀ ಕೆಮ್ಮಿದ್ದಾರೆ. ನನ್ನ ಹೆಸರು ಅವರಿಗೆ ಗೊತ್ತಿದೆಯೋ ಇಲ್ಲವೋ ಅನ್ನುವ ಅನುಮಾನವೂ ನನಗಿತ್ತು. ನಾನೇ ಹೇಳೋಣ ಅಂತ ಬಕೆಟ್ಟಿನಿಂದ ಕೈ ತೆಗೆಯುವಷ್ಟರಲ್ಲಿ ಅವರು ಕರುವಿನ ಮುಖದಿಂದ ಕಣ್ಣೆತ್ತದೆ ಹೇಳಿದರು:

"ಸುನಂದ. ಸುನಂದಮ್ಮ ಅಂತ ಬರ್ಕೊ ತಾಯಿ. ದೇವಲಾಪುರದ ಕಡೆ ಬೋರೇಗೌಡ್ರ ಮಗಳು."

ಹುಡುಗಿ ಬರೆದುಕೊಂಡಳು. ಆಚಾರ್ರು ಇರಬೇಕಿತ್ತು ಅನ್ನಿಸಿ, ಬಕೆಟ್ಟಿನೊಳಗೆ ಕೈಯಿಟ್ಟುಕೊಂಡು ನಾನು ಅಲ್ಲೇ ಕೂತೆ.